ಮಾತೃಭಾಷೆಗೂ ಊರು ಬಿಡುವುದಕ್ಕೂ ಇರುವ ನಂಟು

ಪ್ರಶ್ನೆ: ನನ್ನ ಮಗಳು ಕೆನಡಾದ ಮಾಂಟ್ರಿಯಲ್‌ನಲ್ಲಿದ್ದಾಳೆ. ಅಲ್ಲಿ ಇಂಗ್ಲಿಷ್ ಮಾತೃಭಾಷೆಯವರು ಬೇರೆ ಪ್ರಾಂತ್ಯಗಳಿಗೆ ಹೊರಟುಹೋಗುವುದು ಹೆಚ್ಚು, ಫ್ರೆಂಚರು ಅಲ್ಲಿಯೇ ಉಳಿಯುತ್ತಾರೆ ಎನ್ನುತ್ತಾಳೆ. ವಲಸೆ ಮಾತೃಭಾಷೆಯನ್ನು ಅವಲಂಬಿಸಿರುವುದು ನಿಜವೇ? ಕನ್ನಡಿಗರ ವಿಷಯದಲ್ಲೂ ಹೀಗೆ ಹೇಳಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮಗಳು ಹೇಳಿದ್ದು ನಿಜ. ಆದರೆ ಮನೆ ಬದಲಾಯಿಸುವುದನ್ನೂ ಪ್ರಾಂತ್ಯ ಬಿಡುವುದನ್ನೂ ಬೇರೆ ಬೇರೆಯಾಗಿ ನೋಡಬೇಕು. ಒಂದು ವರ್ಷದ ಹಿಂದೆ ಮತ್ತು ಐದು ವರ್ಷದ ಹಿಂದೆ ಎಲ್ಲಿ ವಾಸವಿದ್ದಿರಿ ಎಂದು ಕೆನಡಾದ ಜನಗಣತಿಯು ಕೇಳುವುದರಿಂದ ಈ ಎರಡನ್ನೂ ಬಿಡಿಸಿ ನೋಡಲು ಸಾಧ್ಯವಾಗಿದೆ. ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದ ಫ್ರೆಂಚ್ ಭಾಷಿಕರು ಒಂದೇ ಮನೆಗೆ ಅಂಟಿಕೊಂಡವರಲ್ಲ. ಅಲ್ಲಿ ಬಾಡಿಗೆ ಕರಾರುಗಳು ಸಾಮಾನ್ಯವಾಗಿ ಜೂನ್ ಕೊನೆಗೆ ಮುಗಿಯುವುದರಿಂದ ಪ್ರತಿವರ್ಷ ಜುಲೈ 1ರಂದು ಮಾಂಟ್ರಿಯಲ್‌ನ ಬೀದಿಗಳು ಸಾಮಾನು ಸಾಗಿಸುವ ವಾಹನಗಳಿಂದ ತುಂಬಿಹೋಗುತ್ತವೆ. ಅವರು ಮನೆ ಬದಲಿಸುತ್ತಾರೆ, ಪ್ರಾಂತ್ಯದ ಗಡಿ ದಾಟುವವರು ಮಾತ್ರ ಕಡಿಮೆ.

1976ರ ನವೆಂಬರ್‌ನಲ್ಲಿ, ಕ್ವಿಬೆಕ್ ಕೆನಡಾದಿಂದ ಬೇರೆಯಾಗಬೇಕೆನ್ನುವ ಪಾರ್ತಿ ಕೆಬೆಕ್ವಾ ಪಕ್ಷವು ಆ ಪ್ರಾಂತ್ಯದಲ್ಲಿ ಅಧಿಕಾರಕ್ಕೆ ಬಂದು, ಮರುವರ್ಷ ಫ್ರೆಂಚನ್ನು ಆಡಳಿತ, ಉದ್ಯೋಗ ಮತ್ತು ಶಿಕ್ಷಣದ ಭಾಷೆಯಾಗಿ ಬಲಪಡಿಸುವ ಕಾನೂನನ್ನು ತಂದಿತು. 1976ರಿಂದ 1981ರ ಅವಧಿಯಲ್ಲಿ ಇಂಗ್ಲಿಷ್ ಮಾತೃಭಾಷೆಯ ಸುಮಾರು 1,31,500 ಮಂದಿ ಬೇರೆ ಪ್ರಾಂತ್ಯಗಳಿಗೆ ಹೋದರೆ, ಅಲ್ಲಿಂದ ಬಂದವರು ಸುಮಾರು 25,000 ಮಾತ್ರ. ಅದೇ ಅವಧಿಯಲ್ಲಿ, ಸಂಖ್ಯೆಯಲ್ಲಿ ಎಷ್ಟೋ ಪಟ್ಟು ಹೆಚ್ಚಿದ್ದ ಫ್ರೆಂಚ್ ಮಾತೃಭಾಷೆಯವರಲ್ಲಿ ಹೊರಹೋದವರು ಸುಮಾರು 50,000. ಇದನ್ನೆಲ್ಲ ಆ ಕಾನೂನಿನ ಮೇಲೆ ಹೊರಿಸುವ ವಾದವನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಅದಕ್ಕೂ ಹಿಂದಿನ ಐದು ವರ್ಷಗಳಲ್ಲಿಯೇ ಸುಮಾರು 94,000 ಇಂಗ್ಲಿಷ್ ಭಾಷಿಕರು ಹೊರಟಿದ್ದರು. ದೊಡ್ಡ ವ್ಯವಹಾರಗಳು ಮಾಂಟ್ರಿಯಲ್‌ನಿಂದ ಟೊರಾಂಟೊ ಕಡೆಗೆ ಸರಿಯುವುದು ಆಗಲೇ ಆರಂಭವಾಗಿತ್ತು. ಹೊರಡುವವರು ಹೆಚ್ಚಿದ್ದಷ್ಟೇ ಅಲ್ಲ, ಬರುವವರೂ 42,000ದಿಂದ 25,000ಕ್ಕೆ ಕುಸಿದರು ಎಂಬುದನ್ನು ಜನರು ಮರೆಯುತ್ತಾರೆ. 1971ರಲ್ಲಿ ಪ್ರಾಂತ್ಯದ ಶೇ 13ರಷ್ಟಿದ್ದ ಇಂಗ್ಲಿಷ್ ಮಾತೃಭಾಷೆಯವರು 2001ರ ವೇಳೆಗೆ ಶೇ 8ರಷ್ಟಾದರು.

ಇದರ ಮೂಲ ಕಾರಣ, ನನ್ನ ತಿಳಿವಳಿಕೆಯಲ್ಲಿ, ಮಾತೃಭಾಷೆಯು ಒಬ್ಬ ವ್ಯಕ್ತಿಗೆ ತೆರೆದಿಡುವ ನೆಲದ ವಿಸ್ತಾರ. ಕೆಲಸ, ಮಕ್ಕಳ ಶಾಲೆ, ಆಸ್ಪತ್ರೆ ಎಲ್ಲವೂ ತನ್ನ ಮಾತಿನಲ್ಲಿಯೇ ಸಿಗುವ ಜಾಗ ಇಂಗ್ಲಿಷ್ ಭಾಷಿಕನಿಗೆ ಟೊರಾಂಟೊದಿಂದ ವ್ಯಾಂಕೂವರ್‌ವರೆಗೂ ಇದೆ. ಫ್ರೆಂಚ್ ಭಾಷಿಕನಿಗೆ ಕ್ವಿಬೆಕ್ ಬಿಟ್ಟರೆ ನ್ಯೂ ಬ್ರನ್ಸ್‌ವಿಕ್ ಮತ್ತು ಪೂರ್ವ ಒಂಟಾರಿಯೊದ ಕೆಲವು ಭಾಗಗಳಷ್ಟೇ ಉಳಿಯುತ್ತವೆ. ಹಾಗಾಗಿ ಸಂಬಳ ಸ್ವಲ್ಪ ಹೆಚ್ಚಿದ್ದರೂ ಅವನು ಹೊರಡಲು ಹಿಂಜರಿಯುತ್ತಾನೆ. ಉಳಿದುಕೊಂಡ ಇಂಗ್ಲಿಷ್ ಭಾಷಿಕರಲ್ಲಿ ಫ್ರೆಂಚ್ ಬಲ್ಲವರ ಪ್ರಮಾಣ 1971ರಲ್ಲಿ ಮೂರರಲ್ಲೊಂದು ಪಾಲಿನಷ್ಟಿದ್ದದ್ದು 2001ರಲ್ಲಿ ಮೂರರಲ್ಲೆರಡು ಪಾಲಿನಷ್ಟಾಯಿತು: ಕೆಲವರು ಕಲಿತರು, ಕಲಿಯದ ಹಲವರು ಹೊರಟರು.

ಇನ್ನು ಕನ್ನಡಿಗರ ವಿಷಯ. 2011ರ ಜನಗಣತಿಯಂತೆ ಭಾರತದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಹೇಳಿದವರು ಸುಮಾರು 4.37 ಕೋಟಿ, ಅವರಲ್ಲಿ ಸುಮಾರು 4.07 ಕೋಟಿ ಜನ, ಅಂದರೆ ಶೇ 93ರಷ್ಟು, ಕರ್ನಾಟಕದಲ್ಲಿಯೇ ಇದ್ದರು. ಇದರಿಂದ ಉಳಿದ ಶೇ 7 ಮಂದಿಯೂ ವಲಸೆ ಹೋದವರೆಂದು ತೀರ್ಮಾನಿಸುವುದು ದೊಡ್ಡ ತಪ್ಪಾಗುತ್ತದೆ. ಕಾಸರಗೋಡು, ಅಕ್ಕಲಕೋಟೆ, ತಾಳವಾಡಿಗಳ ಕನ್ನಡಿಗರು ತಮ್ಮ ಹಿರಿಯರ ನೆಲದಲ್ಲಿಯೇ ಇದ್ದಾರೆ; 1956ರ ರಾಜ್ಯ ಪುನರ್ವಿಂಗಡಣೆಯ ಗೆರೆ ಅವರನ್ನು ಹೊರಗಿರಿಸಿತು. ಅವರು ಮನೆ ಬಿಟ್ಟವರಲ್ಲ ಎಂಬುದನ್ನು ವಲಸೆಯ ಲೆಕ್ಕ ಹಾಕುವವರು ಮೊದಲು ನೆನಪಿಡಬೇಕು.

ಇಂಥ ಅಂಕಿಗಳನ್ನು ಓದುವಾಗ ಮಾತೃಭಾಷೆಯ ವ್ಯಾಖ್ಯೆಯನ್ನೂ ಗಮನಿಸಿ. ಭಾರತದಲ್ಲಿ ಬಾಲ್ಯದಲ್ಲಿ ತಾಯಿ ಆಡಿದ ಮಾತೇ ಮಾತೃಭಾಷೆ. ಕೆನಡಾದಲ್ಲಾದರೋ ಮೊದಲು ಕಲಿತ ಆ ಭಾಷೆ ಗಣತಿಯ ದಿನದಂದೂ ಅರ್ಥವಾಗುತ್ತಿರಬೇಕು. ಚಿಕ್ಕಂದಿನಲ್ಲಿ ವಲಸೆ ಹೋಗಿ ಕನ್ನಡವನ್ನು ಪೂರ್ತಿ ಮರೆತ ಮಗು ದೊಡ್ಡದಾದಾಗ, ಅಲ್ಲಿನ ಪಟ್ಟಿಯಲ್ಲಿ ಕನ್ನಡಿಗರ ಸಾಲಿಗೆ ಸೇರುವುದೇ ಇಲ್ಲ.