ಪ್ರತಿಕ್ರಿಯೆ: ಮೆಟ್ಟಿಲು ಗೆರೆ ಓರೆಯಾಗಿರುವುದು ಏಕೆ?

ಮೂಲವಸ್ತುಗಳ ಆವರ್ತ ಕೋಷ್ಟಕದಲ್ಲಿ ಲೋಹ-ಅಲೋಹಗಳ ನಡುವಿನ ಗೆರೆ ನೇರವಾಗಿರದೆ ಮೆಟ್ಟಿಲಿನಂತೆ ಬಲಕ್ಕೆ ಇಳಿಯುವುದೇಕೆ, ಹೈಡ್ರೋಜನ್ ಲೋಹಗಳ ಕಡೆ ಏಕಿದೆ ಎಂದು ಕೇಳಿದ್ದೀರಿ.

ಪರಮಾಣು ತನ್ನ ಹೊರ ಕವಚದ ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುತ್ತದೆಯೇ ಎಂಬುದೇ ಇಲ್ಲಿ ಮುಖ್ಯ; ಸುಲಭವಾಗಿ ಬಿಟ್ಟುಕೊಡುವುದು ಲೋಹದ ಗುಣ. 3ನೇ ಆವರ್ತದಲ್ಲಿ (ಅಡ್ಡ ಸಾಲಿನಲ್ಲಿ) ಎಡದಿಂದ ಬಲಕ್ಕೆ ಹೋದಂತೆ ನ್ಯೂಕ್ಲಿಯಸ್‌ನ ಸೆಳೆತ ಹೆಚ್ಚುತ್ತದೆ, ಪರಮಾಣು ಕುಗ್ಗುತ್ತದೆ. ಒಂದು ಎಲೆಕ್ಟ್ರಾನ್ ಕೀಳಲು ಸೋಡಿಯಂಗೆ ಮೋಲ್‌ಗೆ ಸುಮಾರು 496 ಕಿಲೋಜೌಲ್ ಸಾಕು. ಕ್ಲೋರಿನ್‌ಗೆ 1251 ಬೇಕು. ಗುಂಪಿನಲ್ಲಿ (ಕಂಬಸಾಲಿನಲ್ಲಿ) ಕೆಳಗಿಳಿದರೆ ಇದು ತಿರುಗುಮುರುಗು: ಕವಚಗಳು ಹೆಚ್ಚುತ್ತವೆ, ಹಿಡಿತ ಸಡಿಲವಾಗುತ್ತದೆ. ಈ ಎರಡೂ ಒಲವುಗಳು ಒಂದನ್ನೊಂದು ಸರಿದೂಗಿಸುವ ಜಾಗಗಳನ್ನು ಜೋಡಿಸಿದರೆ ಓರೆ ಗೆರೆಯೇ ಬರುತ್ತದೆ.

14ನೇ ಗುಂಪನ್ನು ಮೇಲಿಂದ ಕೆಳಗೆ ಓದಿ ನೋಡಿ. ಕಾರ್ಬನ್ ಅಲೋಹ, ಸಿಲಿಕಾನ್ ಮತ್ತು ಜರ್ಮೇನಿಯಂ ಲೋಹಾಭ (ಲೋಹ-ಅಲೋಹಗಳ ನಡುವಿನ ಗುಣದವು), ತವರ ಮತ್ತು ಸೀಸ ಲೋಹ. ತವರವಂತೂ ಎರಡು ದೋಣಿಯಲ್ಲಿ ಕಾಲಿಟ್ಟಿದೆ: 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಹಳ ಕಾಲ ಇಟ್ಟರೆ ಹೊಳೆಯುವ ಬಿಳಿ ತವರ ನಿಧಾನವಾಗಿ ಪುಡಿಪುಡಿಯಾದ ಬೂದು ತವರವಾಗಬಹುದು. ಅದು ಅರೆವಾಹಕ, ಅಂದರೆ ಲೋಹದಷ್ಟು ಚೆನ್ನಾಗಿ ವಿದ್ಯುತ್ ಹರಿಸದ ವಸ್ತು!

ಗೆರೆಗೆ ತಾಗಿದ್ದೆಲ್ಲ ಲೋಹಾಭ ಎಂದು ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಅಲ್ಯೂಮಿನಿಯಂ ಗೆರೆಗೆ ಅಂಟಿಕೊಂಡಿದ್ದರೂ ಲೋಹವೇ. ಆದರೆ ಅದರ ಆಕ್ಸೈಡ್ ಆಮ್ಲದೊಂದಿಗೂ ಪ್ರತ್ಯಾಮ್ಲದೊಂದಿಗೂ ವರ್ತಿಸುತ್ತದೆ.

ಹೈಡ್ರೋಜನ್ 1ನೇ ಗುಂಪಿನ ತಲೆಯ ಮೇಲಿರುವುದು ಹೊರ ಕವಚದಲ್ಲಿ ಒಂದೇ ಎಲೆಕ್ಟ್ರಾನ್ ಇರುವುದರಿಂದ. ಗುಣದಲ್ಲಿ ಅದು ಅಲೋಹ. ಅದರ ಎಲೆಕ್ಟ್ರಾನ್ ಕೀಳಲು ಮೋಲ್‌ಗೆ 1312 ಕಿಲೋಜೌಲ್ ಬೇಕು, ಕ್ಲೋರಿನ್‌ಗಿಂತಲೂ ಹೆಚ್ಚು.