ಶೇಕಡಾ 45 ಬಂದರೆ ಪಗಾರ ಸಿಗಲ್ವಾ?

ಪ್ರಶ್ನೆ: ನಮಸ್ಕಾರ್ರಿ. ನಮ್ಮ ಯಜಮಾನರಿಗೆ 41 ವರ್ಷ. ಇಪ್ಪತ್ತು ವರ್ಷ ಪಾವರ್‌ಲೂಮ್‌ನಲ್ಲಿ ದುಡಿದವರು. ಹೋದ ವರ್ಷ ಬೈಕಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಈಗ ಬಡಿಗೆ ಹಿಡಿದು ಬಚ್ಚಲ ತನಕ ಹೋಗುತ್ತಾರೆ, ಹತ್ತು ನಿಮಿಷ ನಿಂತರೆ ಕಾಲು ನಡುಗುತ್ತವೆ. ಮಗ್ಗದ ಮುಂದೆ ನಿಲ್ಲೋದು ಆಗದ ಮಾತು. ನಾನು ಕಂಡಿಕೆ ಸುತ್ತಿ ಸಂಸಾರ ನಡೆಸುತ್ತಿದ್ದೇನೆ. ಸರ್ಕಾರಿ ದವಾಖಾನೆಯಲ್ಲಿ ಅಂಗವೈಕಲ್ಯ ಶೇ. 45 ಅಂತ ಬರೆದು ಕೊಟ್ಟಿದ್ದಾರೆ. ಒಂದು ದಿನವೂ ದುಡಿಯೋಕೆ ಆಗದವರಿಗೆ 45 ಹೇಗೆ? ಊರಲ್ಲಿ ಒಬ್ಬರು, ಇಷ್ಟಕ್ಕೆ ಸರ್ಕಾರದ ಅಂಗವಿಕಲ ಪಗಾರ (ಮಾಸಾಶನ) ಬರಲ್ಲ, 5,000 ಕೊಟ್ಟರೆ 80 ಮಾಡಿಸಿ ಕೊಡ್ತೀನಿ ಅನ್ನುತ್ತಾರೆ. ಅವರ ಪಗಾರ ಶುರುವಾದರೆ ನನ್ನ ಗೃಹಲಕ್ಷ್ಮಿ ನಿಲ್ಲುತ್ತದೆ ಅಂತಲೂ ಹೆದರಿಸಿದ್ದಾರೆ. ಏನು ಮಾಡಲಿ?
– ಓದುಗರೊಬ್ಬರು, ರಬಕವಿ-ಬನಹಟ್ಟಿ ತಾಲ್ಲೂಕು

ಉತ್ತರ: ಅಕ್ಕಾ, ಮೊದಲು ಆ 5,000ದ ಮಾತು ಮುಗಿಸೋಣ. ಒಂದು ರೂಪಾಯಿಯನ್ನೂ ಕೊಡಬೇಡಿ. ಸುಳ್ಳು ಶೇಕಡಾ ತೋರಿಸಿ ಸೌಲಭ್ಯ ಪಡೆದರೆ 2016ರ ಅಂಗವಿಕಲರ ಹಕ್ಕುಗಳ ಕಾನೂನಿನಲ್ಲಿ 2 ವರ್ಷದ ತನಕ ಜೈಲು, 1 ಲಕ್ಷದ ತನಕ ದಂಡ ಇದೆ. ಸಿಕ್ಕಿಬೀಳೋದು ನಿಮ್ಮ ಯಜಮಾನರು, ರೊಕ್ಕ ತಗೊಂಡವನು ಆಮೇಲೆ ಫೋನೂ ಎತ್ತಲ್ಲ.

ಈಗ 45ರ ವಿಷಯ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ಯಾಕಂದರೆ ನಮ್ಮ ಅಣ್ಣನ ಕಾಲು ಹೋದಾಗ ನಾವೂ ಇದನ್ನೇ ಕೇಳಿದ್ದೆವು. ಡಾಕ್ಟರು ನೋಡೋದು ಕೀಲು ಎಷ್ಟು ಮಡಚುತ್ತದೆ, ಸ್ನಾಯುವಿನಲ್ಲಿ ಎಷ್ಟು ಬಲ ಉಳಿದಿದೆ, ನಡೆದರೆ ಎಷ್ಟು ವಾಲುತ್ತಾರೆ ಅಂತ. ಅವರ ಹತ್ತಿರ ಅದಕ್ಕೆಂದೇ ಸರ್ಕಾರ ಕೊಟ್ಟ ಲೆಕ್ಕ ಇರುತ್ತದೆ. ನಿಮ್ಮ ಯಜಮಾನರು ಮಗ್ಗ ನಡೆಸುತ್ತಿದ್ದರಾ, ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುತ್ತಿದ್ದರಾ ಅನ್ನೋದು ಆ ಲೆಕ್ಕದಲ್ಲಿ ಬರೋದೇ ಇಲ್ಲ. ಅದಕ್ಕೇ ನೂರಕ್ಕೆ ನೂರು ದುಡಿಮೆ ಹೋದ ಮನುಷ್ಯನ ಕಾಗದದಲ್ಲಿ 45 ಅಂತ ಬರುತ್ತದೆ. ಇದು ನನಗೂ ಸರಿ ಅನ್ನಿಸಲ್ಲ. ಕೂಲಿಯವನ ಬೆನ್ನು ಅಂದರೆ ಅವನ ಹೊಲ, ಅಂಗಡಿ, ಬ್ಯಾಂಕು ಎಲ್ಲ ಅದೇ ಅಲ್ವಾ?

ಆದರೆ ನಿಮಗೆ ಒಳ್ಳೆ ಸುದ್ದಿ ಏನಂದರೆ, ಪಗಾರಕ್ಕೆ ಬೇಕಾಗೋದು 40. ನಿಮ್ಮವರಿಗೆ 45 ಇದೆ, ಸಾಕು. ನಮ್ಮ ರಾಜ್ಯದಲ್ಲಿ ಶೇ. 40ರಿಂದ 75ರ ಒಳಗಿನವರಿಗೆ ತಿಂಗಳಿಗೆ 800 ರೂಪಾಯಿ, ಅದಕ್ಕಿಂತ ಜಾಸ್ತಿ ಇದ್ದರೆ 1,400. 800ರಲ್ಲಿ ಮನೆ ನಡೆಯಲ್ಲ, ಗೊತ್ತು. ಆದರೂ ಔಷಧಕ್ಕಾದರೂ ಆಗುತ್ತದೆ, ಬಿಡಬೇಡಿ.

ಕಾಗದ ಹೀಗೆ ಸಾಗಬೇಕು. ಮೊದಲು ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ. ನಿಮ್ಮ ಹತ್ತಿರ ಇರೋದು ಬರೀ ಹಳೇ ನಮೂನೆಯ ಸರ್ಟಿಫಿಕೇಟಾ, ಕಾರ್ಡೂ ಇದೆಯಾ ನೋಡಿ. ಕಾರ್ಡು ಇಲ್ಲದಿದ್ದರೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿಸಿ, 40ರಿಂದ 80ರ ಒಳಗಿನವರಿಗೆ ಹಳದಿ ಬಣ್ಣದ್ದು ಬರುತ್ತದೆ. ಸರ್ಟಿಫಿಕೇಟಿನಲ್ಲಿ "ತಾತ್ಕಾಲಿಕ" ಅಂತ ಇದ್ದರೆ ಮುಗಿಯುವ ತಾರೀಕನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ, ಅದಕ್ಕೆ ಎರಡು ಮೂರು ತಿಂಗಳು ಮೊದಲೇ ಮತ್ತೆ ದವಾಖಾನೆಗೆ ಹೋಗಬೇಕು. ಆಮೇಲೆ ಆದಾಯ ಪ್ರಮಾಣಪತ್ರ. ಬಹಳ ಜನ ಎಡವೋದು ಇಲ್ಲೇ. ಪಗಾರಕ್ಕೆ ಕುಟುಂಬದ ವರ್ಷದ ಆದಾಯದ ಮಿತಿ 32,000 ರೂಪಾಯಿ. ಯಜಮಾನರು ದುಡಿಯುತ್ತಿದ್ದಾಗ ಮಾಡಿಸಿದ ಹಳೇ ಪ್ರಮಾಣಪತ್ರದಲ್ಲಿ ಜಾಸ್ತಿ ಬರೆದಿರಬಹುದು, ಅದನ್ನೇ ಲಗತ್ತಿಸಿದರೆ ಅರ್ಜಿ ವಾಪಸ್ ಬರುತ್ತದೆ. ತಲಾಠಿ ಹತ್ತಿರ ಹೋಗಿ, ಈಗ ಅವರ ದುಡಿಮೆ ಇಲ್ಲ ಅಂತ ದವಾಖಾನೆಯ ಕಾಗದ ತೋರಿಸಿ, ಈಗಿನ ನಿಜವಾದ ಆದಾಯದ ಮೇಲೆ ಹೊಸದು ಕೇಳಿ.

ಇವೆರಡರ ಜೊತೆ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು, ಫೋಟೋ ಹಿಡಿದು ನಾಡಕಚೇರಿಗೆ ಹೋಗಿ. ಎಲ್ಲ ಕಾಗದದಲ್ಲೂ ಹೆಸರು ಒಂದೇ ಥರ ಇದೆಯಾ ಅಂತ ಮನೆಯಲ್ಲೇ ಕೂತು ಅಕ್ಷರ ಅಕ್ಷರ ಹೋಲಿಸಿ. ನಮ್ಮಣ್ಣನ ಅರ್ಜಿ ಎರಡು ಸಲ ವಾಪಸ್ ಬಂದಿದ್ದು ಆಧಾರ್‌ನಲ್ಲಿ ಅಪ್ಪನ ಹೆಸರು ಇದ್ದು, ರೇಷನ್ ಕಾರ್ಡಿನಲ್ಲಿ ಅಡ್ಡಹೆಸರು ಮಾತ್ರ ಇದ್ದದ್ದಕ್ಕೆ. ಅಷ್ಟು ಸಣ್ಣ ಕಾರಣಕ್ಕೆ ಏಳು ತಿಂಗಳು ಹೋಯಿತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅರ್ಜಿ ಕೊಟ್ಟ ಮೇಲೆ ನಂಬರ್ ಇರುವ ಸ್ವೀಕೃತಿ ಚೀಟಿ ಇಲ್ಲದೆ ಬರಬೇಡಿ. "ಆಗಲ್ಲ" ಅಂದರೆ, ಯಾಕೆ ಆಗಲ್ಲ ಅನ್ನೋದನ್ನು ಬರವಣಿಗೆಯಲ್ಲಿ ಕೇಳಿ. ಬಾಯಲ್ಲಿ ಆಗಲ್ಲ ಅನ್ನೋದು ಸುಲಭ, ಬರೆದು ಕೊಡೋದು ಕಷ್ಟ.

ಓಡಾಡೋಕೆ ಜನ ಇಲ್ಲ ಅಂತ ಹೆದರಬೇಡಿ. ಗ್ರಾಮ ಪಂಚಾಯಿತಿಗೆ ಒಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಜನ ವಿಆರ್‌ಡಬ್ಲ್ಯು ಅನ್ನುತ್ತಾರೆ. ತಾಲ್ಲೂಕಿಗೆ ಎಂಆರ್‌ಡಬ್ಲ್ಯು, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಇವರಲ್ಲಿ ಹೆಚ್ಚಿನವರು ತಾವೇ ಅಂಗವಿಕಲರು, ನಿಮ್ಮ ಕಷ್ಟ ಅವರಿಗೆ ಬಿಡಿಸಿ ಹೇಳೋದು ಬೇಕಿಲ್ಲ. ಈ ಕಾಗದ ಮಾಡಿಸಿಕೊಡೋದೇ ಅವರ ಕೆಲಸ, ಅದಕ್ಕೆ ನೀವು ರೊಕ್ಕ ಕೊಡಬೇಕಿಲ್ಲ. ಅಲ್ಲೂ ಆಗದಿದ್ದರೆ ಬಾಗಲಕೋಟೆ ನವನಗರದಲ್ಲಿರುವ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿಗೆ ಹೋಗಿ.

ಮಂಜೂರಾದ ಮೇಲೂ ರೊಕ್ಕ ಕಾಣದಿದ್ದರೆ, ಆಧಾರ್ ಬೇರೆ ಯಾವುದೋ ಹಳೇ ಖಾತೆಗೆ ಜೋಡಣೆಯಾಗಿ ಅಲ್ಲಿಗೆ ಜಮಾ ಆಗುತ್ತಿರಬಹುದು. ಬ್ಯಾಂಕಿನಲ್ಲಿ ಒಮ್ಮೆ ಕೇಳಿ.

ಗೃಹಲಕ್ಷ್ಮಿ ನಿಲ್ಲಲ್ಲ. ಅದು ನಿಲ್ಲೋದು ನೀವೋ ಯಜಮಾನರೋ ಆದಾಯ ತೆರಿಗೆ ಇಲ್ಲವೇ ಜಿಎಸ್‌ಟಿ ಕಟ್ಟುವವರಾದರೆ. ಧೈರ್ಯವಾಗಿ ಅರ್ಜಿ ಹಾಕಿ, ಅಕ್ಕಾ.

ಪ್ರಶ್ನೆ: ನಾನು ಗೌಂಡಿ. ಎಂಟು ತಿಂಗಳ ಹಿಂದೆ ಸೆಂಟ್ರಿಂಗ್ ಕುಸಿದು ಬಲಗೈ ಪೂರ್ತಿ ನಿಷ್ಕ್ರಿಯವಾಗಿದೆ. ಲೇಬರ್ ಕಾರ್ಡ್ ಇದೆ. ಗುತ್ತಿಗೆದಾರರು ದವಾಖಾನೆ ಖರ್ಚು ಕೊಟ್ಟು ಕೈ ತೊಳೆದುಕೊಂಡರು. ಅಂಗವಿಕಲ ಪಗಾರ ಬಿಟ್ಟು ಬೇರೆ ಏನಾದರೂ ಇದೆಯೇ?
– ವಿಜಯಪುರ

ಉತ್ತರ: ಇದೆ ತಮ್ಮಾ, ಮತ್ತು ನೀವು ಬೇಗ ಓಡಬೇಕು. ಒಂದು, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ. ಕಾರ್ಡು ನವೀಕರಣ ಆಗಿದೆಯಾ ನೋಡಿ. ಕೆಲಸದಲ್ಲಿ ಶಾಶ್ವತವಾಗಿ ಅಂಗ ಊನವಾದರೆ ಮಂಡಳಿಯಿಂದ ತಿಂಗಳಿಗೆ 2,000 ರೂಪಾಯಿ ಪಿಂಚಣಿ, ಜೊತೆಗೆ ಊನದ ಶೇಕಡಾ ನೋಡಿ 2 ಲಕ್ಷದ ತನಕ ಪರಿಹಾರ ಇದೆ. ಕಾರ್ಮಿಕ ಇಲಾಖೆ ಕಚೇರಿಯಲ್ಲಿ ಕೇಳಿ. ಎರಡು, ನಿಮ್ಮ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 20 ರೂಪಾಯಿ ಕಡಿತ ಆಗಿದೆಯಾ ಹುಡುಕಿ. ಆಗಿದ್ದರೆ ಅದು ಬಹಳ ಮಾಡಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಅಂದರೆ ಅಪಘಾತ ವಿಮೆ. ಅಪಘಾತದಲ್ಲಿ ಒಂದು ಕೈಯ ಉಪಯೋಗ ಪೂರ್ತಿ ಹೋದರೆ 1 ಲಕ್ಷ ಬರಬೇಕು. ಎಷ್ಟೋ ಜನರಿಗೆ ತಮ್ಮ ಖಾತೆಯಲ್ಲಿ ಇದು ಇರೋದೇ ಗೊತ್ತಿರಲ್ಲ.

ಮೂರನೆಯದು ಗುತ್ತಿಗೆದಾರರ ವಿಷಯ. ದವಾಖಾನೆ ಬಿಲ್ ಕಟ್ಟಿದರೆ ಅವರ ಜವಾಬ್ದಾರಿ ಮುಗಿಯಲ್ಲ, ಕಾನೂನಿನ ಪ್ರಕಾರ ಗಾಯಕ್ಕೆ ಪರಿಹಾರ ಬೇರೆ ಕೊಡಬೇಕು. ಆ ಅರ್ಜಿ ಅಪಘಾತವಾದ ಎರಡು ವರ್ಷದೊಳಗೆ ಹಾಕಬೇಕು, ನಿಮ್ಮದು ಎಂಟು ತಿಂಗಳು ಆಗಲೇ ಹೋಯಿತು. ವಕೀಲರ ಫೀಗೆ ಚಿಂತೆ ಬೇಡ. ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. ಕೋರ್ಟ್ ಆವರಣದಲ್ಲೇ ಅವರ ಕಚೇರಿ ಇರುತ್ತದೆ. ಜೊತೆ ಕೆಲಸ ಮಾಡಿದ ಇಬ್ಬರ ಹೆಸರು, ಕೂಲಿ ಕೊಟ್ಟ ಫೋನ್‌ಪೇ ದಾಖಲೆ, ದವಾಖಾನೆಯ ಎಲ್ಲ ಚೀಟಿ ಇಟ್ಟುಕೊಂಡು ಹೋಗಿ. ನೀವು ಅಲ್ಲಿ ಕೆಲಸ ಮಾಡುತ್ತಿದ್ದಿರಿ ಅಂತ ತೋರಿಸೋದೇ ದೊಡ್ಡ ಕೆಲಸ.

ಪ್ರಶ್ನೆ: ನನ್ನ ತಮ್ಮನಿಗೆ ಆರು ವರ್ಷದಿಂದ ಸ್ಕಿಜೋಫ್ರೇನಿಯಾ. ಕೈಕಾಲು ಗಟ್ಟಿ ಇದೆ, ಆದರೆ ಯಾವ ಕೆಲಸದಲ್ಲೂ ಒಂದು ವಾರ ನಿಲ್ಲಲ್ಲ. ಇವನಿಗೂ ಸರ್ಟಿಫಿಕೇಟ್ ಸಿಗುತ್ತದೆಯೇ?
– ಬೆಳಗಾವಿ

ಉತ್ತರ: ಸಿಗುತ್ತದೆ ತಂಗಿ. 2016ರ ಕಾನೂನಿನಲ್ಲಿರುವ 21 ಬಗೆಯ ಅಂಗವೈಕಲ್ಯದಲ್ಲಿ ಮಾನಸಿಕ ಕಾಯಿಲೆಯೂ ಒಂದು. ದುಡಿಮೆ ಲೆಕ್ಕಕ್ಕೆ ಬರಲ್ಲ ಅಂತ ಮೇಲಿನ ಅಕ್ಕನಿಗೆ ಹೇಳಿದ ಕೊರತೆ ಇಲ್ಲಿ ಸ್ವಲ್ಪ ಕಡಿಮೆ. ಮನೋವೈದ್ಯರು ಇದಕ್ಕೆ ಐಡಿಯಾಸ್ ಅನ್ನುವ ಅಳತೆ ಬಳಸುತ್ತಾರೆ. ಅದರಲ್ಲಿ ತನ್ನ ಮೈಕೈ ನೋಡಿಕೊಳ್ಳೋದು, ಜನರ ಜೊತೆ ಬೆರೆಯೋದು, ಮಾತು ಅರ್ಥ ಮಾಡಿಕೊಳ್ಳೋದು, ಕೆಲಸ ಅಂತ ನಾಲ್ಕು ಭಾಗ ಇವೆ. ಎಷ್ಟು ವರ್ಷದಿಂದ ಕಾಯಿಲೆ ಇದೆ ಅನ್ನೋದಕ್ಕೂ ಅಂಕ ಇದೆ. ಹಾಗಾಗಿ ಮೊದಲ ದಿನದ ಚೀಟಿಯಿಂದ ಹಿಡಿದು ಎಲ್ಲ ಔಷಧ ಚೀಟಿ ತಾರೀಕಿನ ಪ್ರಕಾರ ಜೋಡಿಸಿ. ಬೆಳಗಾವಿ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ವಿಚಾರಿಸಿ. ಧಾರವಾಡದ ಡಿಮ್ಹಾನ್ಸ್‌ನಲ್ಲಿ ತೋರಿಸುತ್ತಿದ್ದರೆ ಅಲ್ಲಿಯ ಫೈಲನ್ನೂ ತಗೊಂಡು ಹೋಗಿ.

ತಮ್ಮನ ಜೊತೆ ನೀವೇ ಒಳಗೆ ಹೋಗಿ ಕೂತುಕೊಳ್ಳಿ. ಡಾಕ್ಟರು ಕೇಳಿದಾಗ ಅವನು "ಎಲ್ಲ ಆರಾಮ ಐತ್ರಿ" ಅಂದುಬಿಡಬಹುದು. ಎಷ್ಟು ದಿನ ಸ್ನಾನ ಬಿಟ್ಟ, ಯಾವ ಕೆಲಸ ಯಾವಾಗ ಬಿಟ್ಟ, ರಾತ್ರಿ ಎಷ್ಟು ಸಲ ಎದ್ದು ಹೊರಗೆ ಹೋದ ಅನ್ನೋದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಅವನ ಮುಂದೆ ಹೇಳೋಕೆ ಸಂಕೋಚ ಆದರೆ ಆ ಹಾಳೆಯನ್ನೇ ಡಾಕ್ಟರ ಕೈಗೆ ಕೊಡಿ.