ಮೆಕ್ಕೆಜೋಳದ ಬೆಂಡು, ಹತ್ತಿಕಟ್ಟಿಗೆಯಿಂದ ಬ್ರಿಕೆಟ್: ಯಂತ್ರ ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗ ಇವೆ. ದೇಶದಲ್ಲಿ ಇಷ್ಟೊಂದು ಕೃಷಿ ಉಳಿಕೆ ಇದ್ದೂ ಅದರಿಂದ ವಿದ್ಯುತ್ತು, ಇಂಧನ, ಕಾರ್ಖಾನೆಯ ಸರಕು ಯಾಕೆ ಅಷ್ಟಾಗಿ ಬರುತ್ತಿಲ್ಲ ಎನ್ನುವುದು ಮೊದಲನೆಯದು. ರಾಣೆಬೆನ್ನೂರು ಕಡೆ ಮೆಕ್ಕೆಜೋಳದ ಬೆಂಡು (ಕಾಳು ಬಿಡಿಸಿದ ತೆನೆಯ ದಿಂಡು), ಹತ್ತಿಕಟ್ಟಿಗೆ ಬೇಕಾದಷ್ಟು ಬಿದ್ದಿದೆ, ಇವನ್ನು ಪುಡಿ ಮಾಡಿ ಒತ್ತಿ ಉರುವಲಿನ ಗಟ್ಟಿ ತುಂಡು ಮಾಡುವ ಬ್ರಿಕೆಟ್ ಘಟಕ ಹಾಕಿದರೆ ನಡೆಯುತ್ತದೆಯೇ ಎನ್ನುವುದು ಎರಡನೆಯದು. ಎರಡಕ್ಕೂ ಉತ್ತರ ಹುಡುಕಬೇಕಾದ ಜಾಗ ಒಂದೇ. ಉಳಿಕೆ ಎಲ್ಲಿ ಬಿದ್ದಿದೆ, ಅದರಲ್ಲಿ ನೀರೆಷ್ಟಿದೆ ಎಂದು ಮೊದಲು ನೋಡಬೇಕು. ಯಂತ್ರದ ಮಾತು ಆಮೇಲಿನದು.

ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯದ ಅಂದಾಜಿನಲ್ಲಿ ದೇಶದಲ್ಲಿ ವರ್ಷಕ್ಕೆ ಸುಮಾರು 75 ಕೋಟಿ ಟನ್ ಬಯೋಮಾಸ್, ಅಂದರೆ ಇಂಥ ಸಸ್ಯಜನ್ಯ ಉಳಿಕೆ ಇದೆ. ಮೇವು, ಉರುವಲು, ಗೊಬ್ಬರಕ್ಕೆ ಹೋಗಿ ಮಿಕ್ಕುವುದು ಸುಮಾರು 23 ಕೋಟಿ ಟನ್. ಅದರಿಂದ 28,000 ಮೆಗಾವಾಟ್, ಸಕ್ಕರೆ ಕಾರ್ಖಾನೆಗಳ ಕಬ್ಬಿನ ಸಿಪ್ಪೆಯಿಂದ ಬೇರೆಯಾಗಿ 14,000 ಮೆಗಾವಾಟ್ ಸಾಧ್ಯ ಎನ್ನುತ್ತಾರೆ. ಆದರೆ ಈಗ ನಿಜವಾಗಿ ನಡೆಯುತ್ತಿರುವ ಬಯೋಮಾಸ್ ವಿದ್ಯುತ್ತಿನಲ್ಲಿ ದೊಡ್ಡ ಪಾಲು ಸಕ್ಕರೆ ಕಾರ್ಖಾನೆಗಳದ್ದೇ. ಯಾಕೆಂದರೆ ಅಲ್ಲಿ ಸಿಪ್ಪೆಯನ್ನು ಯಾರೂ ಹೊಲದಿಂದ ಹೊತ್ತು ತರಬೇಕಿಲ್ಲ. ನೂರು ಟನ್ ಕಬ್ಬು ಅರೆದರೆ ಸುಮಾರು 30 ಟನ್ ಸಿಪ್ಪೆ ತಾನಾಗಿ ಉಳಿಯುತ್ತದೆ. ಅದರಲ್ಲಿ ಅರ್ಧ ನೀರು, ಶಾಖ ಕೆ.ಜಿ.ಗೆ 2,200 ಕಿಲೋಕ್ಯಾಲರಿಯ ಆಸುಪಾಸು ಅಷ್ಟೇ. ಆದರೂ ಬಾಯ್ಲರ್ ಪಕ್ಕದಲ್ಲೇ ಇರುವುದರಿಂದ ಗಿಟ್ಟುತ್ತದೆ.

ಭತ್ತದ ಉಮಿಯದ್ದೂ ಇದೇ ಲೆಕ್ಕ. ಗಂಗಾವತಿ, ಕಾರಟಗಿ, ಸಿಂಧನೂರಿನ ಗಿರಣಿಗಳಲ್ಲಿ ಭತ್ತದ ತೂಕದ ಐದನೇ ಒಂದು ಭಾಗ ಉಮಿಯಾಗಿ ಬೀಳುತ್ತದೆ, ಅದೇ ಭತ್ತ ಕುದಿಸುವ ಬಾಯ್ಲರ್‌ಗೆ ಹೋಗುತ್ತದೆ. ಕರಾವಳಿಯಲ್ಲಿ ಗೇರು ಸಿಪ್ಪೆಯ ಎಣ್ಣೆ ತೆಗೆದು ಬ್ರೇಕ್ ಲೈನಿಂಗ್, ಪೇಂಟ್‌ಗೆ ಬೇಕಾದ ರಾಳಕ್ಕೆ ಮಾರುತ್ತಾರೆ, ಉಳಿದ ಹಿಂಡಿ ಒಲೆಗೆ. ತೆಂಗಿನ ಚಿಪ್ಪು ಇದ್ದಿಲಾಗಿ, ಅಲ್ಲಿಂದ ನೀರು ಶೋಧಿಸುವ ಸಕ್ರಿಯ ಇಂಗಾಲವಾಗುತ್ತದೆ. ನಿಮ್ಮ ತಾಲ್ಲೂಕಿನ ಕುಮಾರಪಟ್ಟಣಂನಲ್ಲೇ ಮರದಿಂದ ರೇಯಾನ್ ತಿರುಳು ತೆಗೆಯುವ ಕಾರ್ಖಾನೆ ಇದೆ. ಇಂಥ ತಿರುಳಿನ ಕಾರ್ಖಾನೆಗಳಲ್ಲಿ ಮರ ಬೇಯಿಸಿ ಉಳಿದ ಕಪ್ಪು ದ್ರಾವಣವನ್ನು ಸಾಂದ್ರಗೊಳಿಸಿ ಉರಿಸಿ ಹಬೆ ಪಡೆಯುತ್ತಾರೆ, ರಾಸಾಯನಿಕವನ್ನೂ ಮರಳಿ ಪಡೆಯುತ್ತಾರೆ. ತಮಿಳುನಾಡಿನ ಕರೂರು ಬಳಿ ಕಬ್ಬಿನ ಸಿಪ್ಪೆಯಿಂದಲೇ ಕಾಗದ ಆಗುತ್ತದೆ. ಉತ್ತರಾಖಂಡದ ಕಾಶೀಪುರದಲ್ಲಿ ಕಾಕಂಬಿಯ ಎಥನಾಲ್‌ನಿಂದ ಪಾಲಿಯೆಸ್ಟರ್‌ಗೆ ಬೇಕಾದ ಗ್ಲೈಕಾಲ್ ತಯಾರಾಗುತ್ತದೆ. ಇವೆಲ್ಲ ಗೆದ್ದಿರುವುದು ಉಳಿಕೆ ಗೇಟಿನೊಳಗೇ ಹುಟ್ಟುವ ಕಡೆ, ಇಲ್ಲವೇ ಬೇರೆ ಕೆಲಸಕ್ಕಾಗಿ ಮೊದಲೇ ಒಂದೆಡೆ ಸೇರಿರುವ ಕಡೆ.

ಹೊಲದಲ್ಲಿ ಹರಡಿ ಬಿದ್ದಿರುವುದನ್ನು ತರಬೇಕಾದಾಗ ಲೆಕ್ಕ ಬೇರೆಯಾಗುತ್ತದೆ. 10 ಮೆಗಾವಾಟ್ ಘಟಕಕ್ಕೆ ಯೂನಿಟ್ಟಿಗೆ 1.3 ಕೆ.ಜಿ.ಯಂತೆ, ವರ್ಷಕ್ಕೆ 7,000 ತಾಸು ಓಡಿದರೆ 91,000 ಟನ್ ಬೇಕು. ಘಟಕ ಶುರುವಾಗುವ ಮೊದಲು ಯಾರಿಗೂ ಬೇಡವಾಗಿದ್ದ ಉಳಿಕೆಗೆ ಶುರುವಾದ ಮೇಲೆ ಬೆಲೆ ಏರುತ್ತದೆ, ವಿದ್ಯುತ್ತಿನ ದರ ಮಾತ್ರ ಒಪ್ಪಂದದಲ್ಲಿ ಕಟ್ಟಿಹಾಕಿರುತ್ತದೆ. ಹರಿಯಾಣದ ಪಾಣಿಪತ್‌ನಲ್ಲಿ 2022ರ ಆಗಸ್ಟ್‌ನಲ್ಲಿ ಉದ್ಘಾಟನೆಯಾದ ಎಥನಾಲ್ ಘಟಕಕ್ಕೆ ವರ್ಷಕ್ಕೆ ಸುಮಾರು ಎರಡು ಲಕ್ಷ ಟನ್ ಭತ್ತದ ಹುಲ್ಲು ಬೇಕು. ಆ ಕಡೆ ಭತ್ತ ಕೊಯ್ದು ಗೋಧಿ ಬಿತ್ತುವ ನಡುವೆ ಸಿಗುವುದು ಎರಡು ಮೂರು ವಾರ. ಅಷ್ಟರಲ್ಲಿ ಹುಲ್ಲನ್ನು ಬೇಲ್ ಕಟ್ಟಿ ಸಾಗಿಸಿ ವರ್ಷವಿಡೀ ಒಣಗಿದ ಸ್ಥಿತಿಯಲ್ಲಿ ಇಡುವುದು ಎಥನಾಲ್ ತೆಗೆಯುವಷ್ಟೇ ಕಷ್ಟದ ಕೆಲಸ. ನಮ್ಮಲ್ಲಂತೂ ಭತ್ತದ ಹುಲ್ಲು, ಬಿಳಿಜೋಳದ ಕಣಿಕೆ ದನದ ಬಾಯಿಗೆ ಹೋಗುವ ಮೇವು. ಅದನ್ನು ‘ತ್ಯಾಜ್ಯ’ದ ಪಟ್ಟಿಗೆ ಸೇರಿಸಿ ಯೋಜನಾ ವರದಿ ಬರೆದು ಕೊಡುವವರನ್ನು ನಂಬಬೇಡಿ.

ಇನ್ನು ನಿಮ್ಮ ಘಟಕ. ಬೆಂಡು ಮತ್ತು ಹತ್ತಿಕಟ್ಟಿಗೆಯನ್ನು ಒಂದೇ ಸಾಲಿನಲ್ಲಿ ಇಡಬೇಡಿ. ಬೆಂಡು ಕಾಳು ಬಿಡಿಸುವ ಯಂತ್ರದ ಪಕ್ಕದಲ್ಲಿ, ಕಣದಲ್ಲಿ ರಾಶಿಯಾಗಿ ಬೀಳುತ್ತದೆ. ಅಂದರೆ ಸಂಗ್ರಹದ ಅರ್ಧ ಕೆಲಸ ಆಗಿಯೇ ಇರುತ್ತದೆ. ಹತ್ತಿಕಟ್ಟಿಗೆಯನ್ನು ಗಿಡಗಿಡವಾಗಿ ಕೀಳಬೇಕು. ಜೊತೆಗೆ ಗುಲಾಬಿ ಕಾಯಿಕೊರಕದ ಕಾಟ ಇರುವುದರಿಂದ ಕಟ್ಟಿಗೆಯನ್ನು ಹೊಲದ ಬದುವಿನಲ್ಲಿ ತಿಂಗಳುಗಟ್ಟಲೆ ಒಟ್ಟಿಡಬಾರದು ಎನ್ನುವುದು ಕೃಷಿ ತಜ್ಞರ ಸಲಹೆ. ಅದರಲ್ಲಿ ಕೀಟ ಉಳಿದು ಮುಂದಿನ ಬೆಳೆಗೆ ಬರುತ್ತದೆ. ಹಾಗಾಗಿ ಕಿತ್ತ ಕೂಡಲೇ ಹೊಲದಲ್ಲೇ ಚೂರು ಮಾಡುವ ಯಂತ್ರ ಬೇಕು. ಮೊದಲ ವರ್ಷ ಬೆಂಡನ್ನು ಮುಖ್ಯವಾಗಿಟ್ಟುಕೊಂಡು, ಹತ್ತಿಕಟ್ಟಿಗೆಯನ್ನು ಬೇಸಿಗೆಯಲ್ಲಿ ಬಂದಷ್ಟು ಬೆರೆಸುವುದು ನನಗೆ ಸರಿ ಕಾಣುತ್ತದೆ.

ಎಷ್ಟು ಬೇಕು? 90 ಮಿ.ಮೀ. ದಪ್ಪದ ಬ್ರಿಕೆಟ್ ಒತ್ತುವ ಪಿಸ್ಟನ್ ಪ್ರೆಸ್ ಒಂದು ತಾಸಿಗೆ ಸುಮಾರು ಒಂದೂವರೆ ಟನ್ ಕೊಟ್ಟರೆ, ದಿನಕ್ಕೆ 16 ತಾಸು, ವರ್ಷಕ್ಕೆ 250 ದಿನ ಹಿಡಿದು 6,000 ಟನ್ ಆಯಿತು. ಒಂದು ಟನ್ ಕಾಳಿಗೆ ಸುಮಾರು 200 ಕೆ.ಜಿ. ಬೆಂಡು ಸಿಗುತ್ತದೆ. ಎಕರೆಗೆ 20 ಕ್ವಿಂಟಲ್ ಕಾಳು ಬಂದರೆ 4 ಕ್ವಿಂಟಲ್ ಬೆಂಡು. 6,000 ಟನ್‌ಗೆ 15,000 ಎಕರೆಯ ಬೆಂಡು ಪೂರ್ತಿ ನಿಮಗೇ ಬರಬೇಕು. ಪೂರ್ತಿ ಬರುವುದಿಲ್ಲ, ಮನೆಯ ಒಲೆಗೂ ಹೋಗುತ್ತದೆ. ಅರ್ಧ ಸಿಕ್ಕೀತು ಎಂದಾದರೆ 30,000 ಎಕರೆಯನ್ನು ನೆಚ್ಚಬೇಕು. ಬಿಡಿ ಬೆಂಡು ಹಗುರ, ಟ್ರೇಲರ್ ತುಂಬಿ ತುಳುಕಿದರೂ ತೂಕ ಕಡಿಮೆ. ಆದ್ದರಿಂದ 30–40 ಕಿ.ಮೀ. ದಾಟಿದರೆ ಬಾಡಿಗೆಯೇ ಲಾಭ ತಿನ್ನುತ್ತದೆ. ಸುಗ್ಗಿ ಎರಡು ಮೂರು ತಿಂಗಳು, ಯಂತ್ರ ಓಡಬೇಕಾದದ್ದು ವರ್ಷವಿಡೀ. 3,000 ಟನ್ ದಾಸ್ತಾನು ಎಂದರೆ ಘನಮೀಟರಿಗೆ 150 ಕೆ.ಜಿ.ಯಂತೆ 20,000 ಘನಮೀಟರ್. ನಾಲ್ಕು ಮೀಟರ್ ಎತ್ತರ ಒಟ್ಟಿದರೆ 5,000 ಚದರ ಮೀಟರ್, ಅಂದರೆ ಒಂದೂಕಾಲು ಎಕರೆ ಬರೀ ರಾಶಿಗೆ. ಬೆಂಕಿ ಹಬ್ಬದಂತೆ ರಾಶಿ ರಾಶಿಗಳ ನಡುವೆ ದಾರಿ, ನೀರಿನ ಟ್ಯಾಂಕರ್ ತಿರುಗಲು ಜಾಗ ಸೇರಿಸಿದರೆ ಎರಡೂವರೆ ಎಕರೆಯಾದರೂ ಬೇಕು. ಯಂತ್ರಕ್ಕೆ ಸಾಲ ಮಾಡಿ ಜಾಗವನ್ನು ಮರೆತ ಘಟಕ ಮುಂಗಾರಿನಲ್ಲಿ ನಿಲ್ಲುತ್ತದೆ.

ತೇವಾಂಶದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಹೆಚ್ಚಿನವರು ಸೋಲುವುದು ಇಲ್ಲಿಯೇ. ಪೂರ್ತಿ ಒಣಗಿದ ಬೆಂಡು ಕೆ.ಜಿ.ಗೆ 4,000 ಕಿಲೋಕ್ಯಾಲರಿ ಕೊಡುತ್ತದೆ ಎಂದುಕೊಳ್ಳಿ. ಅದರೊಳಗಿನ ಪ್ರತಿ ಕೆ.ಜಿ. ನೀರನ್ನು ಆವಿ ಮಾಡಲು ಸುಮಾರು 600 ಖರ್ಚು. ಶೇ. 10 ತೇವವಿದ್ದರೆ ಕೈಗೆ ಬರುವುದು 3,600ರಲ್ಲಿ 60 ಕಳೆದು 3,540. ಶೇ. 30 ಇದ್ದರೆ 2,800ರಲ್ಲಿ 180 ಕಳೆದು 2,620. ಒದ್ದೆ ಇಂಧನದಲ್ಲಿ ಬಾಯ್ಲರ್‌ನ ದಕ್ಷತೆಯೂ ಇಳಿಯುತ್ತದೆ. ಹಾಗಾಗಿ ಮೊದಲನೆಯದರಿಂದ ಕೆ.ಜಿ.ಗೆ ನಾಲ್ಕೂವರೆ ಕೆ.ಜಿ. ಹಬೆ ಬಂದರೆ ಎರಡನೆಯದರಿಂದ ಮೂರು ದಾಟುವುದೇ ಕಷ್ಟ. ಕೊಳ್ಳುವವರು ಇದನ್ನು ಚೆನ್ನಾಗಿ ಬಲ್ಲರು.

ಪ್ರೆಸ್‌ಗೆ ಹೋಗುವ ಪುಡಿಯಲ್ಲಿ ತೇವ ಶೇ. 8ರಿಂದ 12ರೊಳಗೆ ಇರಬೇಕು. ಹೆಚ್ಚಾದರೆ ಬ್ರಿಕೆಟ್ ರೂಪುಗೊಳ್ಳುವ ಅಚ್ಚಿನ (ಡೈ) ಒಳಗೆ ನೀರು ಆವಿಯಾಗಿ, ಬ್ರಿಕೆಟ್ ಹೊರಬರುವಾಗ ಪಟಾಕಿಯಂತೆ ಸಿಡಿದು ಒಡೆಯುತ್ತದೆ. ತೀರಾ ಒಣಗಿದ್ದರೂ ಅಂಟು ಹಿಡಿಯುವುದಿಲ್ಲ. ಒತ್ತಡ ಮತ್ತು ಬಿಸಿಗೆ ಬೆಂಡಿನ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಶ ಮೆತ್ತಗಾಗಿ ಅದೇ ಅಂಟಾಗುತ್ತದೆ, ಅದಕ್ಕೆ ಸ್ವಲ್ಪ ನೀರು ಬೇಕು. ಹೊರಗಿನಿಂದ ಅಂಟು ಬೆರೆಸಬೇಕಿಲ್ಲ. ಪುಡಿಯ ಗಾತ್ರ 6–8 ಮಿ.ಮೀ., ಜೊತೆಗೆ ಶೇ. 10–20 ಸಣ್ಣ ಹುಡಿ ಇದ್ದರೆ ಕಟ್ಟು ಗಟ್ಟಿ. ಪ್ರೆಸ್‌ನಿಂದ ಹೊರಬಂದ ಬ್ರಿಕೆಟ್ ತಣಿಯುತ್ತಾ ಸಾಗುವ ಹಳಿಯ ಉದ್ದದಲ್ಲಿ ಜಿಪುಣತನ ಮಾಡಬೇಡಿ. ಬಿಸಿ ಇರುವಾಗಲೇ ಚೀಲಕ್ಕೆ ತುಂಬಿದರೆ ಬೆವೆತು ಪುಡಿಯಾಗುತ್ತದೆ.

ಒಣಗಿಸುವ ಖರ್ಚನ್ನೂ ನೋಡಿ. ಶೇ. 30 ತೇವದ ಒಂದು ಟನ್ ಬೆಂಡನ್ನು ಶೇ. 10ಕ್ಕೆ ಇಳಿಸಿದರೆ ಉಳಿಯುವುದು 778 ಕೆ.ಜಿ., ಹೋಗುವ ನೀರು 222 ಕೆ.ಜಿ. ಡ್ರೈಯರ್‌ನಲ್ಲಿ ಒಂದು ಕೆ.ಜಿ. ನೀರು ತೆಗೆಯಲು 1,100 ಕಿಲೋಕ್ಯಾಲರಿ ಹಿಡಿದರೆ ನಿಮ್ಮದೇ ಬ್ರಿಕೆಟ್ ಸುಮಾರು 70 ಕೆ.ಜಿ. ಉರಿದುಹೋಗುತ್ತದೆ, ಅಂದರೆ ಉತ್ಪಾದನೆಯ ಶೇ. 9. ಬೇಸಿಗೆಯಲ್ಲಿ ಕಾಂಕ್ರೀಟ್ ಕಣದ ಮೇಲೆ ಒಂದು ಗೇಣಿಗಿಂತ ತೆಳ್ಳಗೆ ಹರಡಿ, ದಿನಕ್ಕೆರಡು ಸಲ ತಿರುವಿ ಒಣಗಿಸಿದರೆ ಈ ಖರ್ಚು ಉಳಿಯುತ್ತದೆ. ಒದ್ದೆ ಬೆಂಡನ್ನು ತೂಕಕ್ಕೆ ಕೊಳ್ಳಬೇಡಿ. ನೂರು ಗ್ರಾಂ ಮಾದರಿಯನ್ನು 105 ಡಿಗ್ರಿಯ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಇಟ್ಟು, ಇಳಿದಷ್ಟು ಗ್ರಾಂ ಅಷ್ಟು ಶೇಕಡಾ ತೇವ ಎಂದು ಬರೆದುಕೊಳ್ಳಿ. ಕೈಯಲ್ಲಿ ಹಿಡಿಯುವ ಮೀಟರ್ ಗೇಟಿನಲ್ಲಿ ಬೇಗ ನೋಡಲು ಸರಿ, ಹಣದ ಲೆಕ್ಕಕ್ಕೆ ಓವನ್ನೇ ಬೇಕು. ಶೇ. 20ಕ್ಕಿಂತ ಹೆಚ್ಚು ತೇವದ ಬೆಂಡನ್ನು ಎತ್ತರ ಒಟ್ಟಿದರೆ ಒಳಗೊಳಗೇ ಕಾಯುತ್ತದೆ. ಬೂಷ್ಟು ಹಿಡಿಯುತ್ತದೆ, ಕೆಲವೊಮ್ಮೆ ಹೊತ್ತಿಕೊಳ್ಳುತ್ತದೆ. ರಾಶಿಯೊಳಗೆ ಕಬ್ಬಿಣದ ಸಲಾಕೆ ತೂರಿಸಿ ಸ್ವಲ್ಪ ಹೊತ್ತು ಬಿಟ್ಟು ಎಳೆದು ಮುಟ್ಟಿ ನೋಡುವುದು ಹಳೆಯ ವಿಧಾನ, ಈಗಲೂ ಉಪಯುಕ್ತ.

ಬೂದಿಯ ಸಮಸ್ಯೆ ಹತ್ತಿಕಟ್ಟಿಗೆಯಲ್ಲಿ ಹೆಚ್ಚು. ಕಟ್ಟಿಗೆಯ ಸ್ವಂತ ಬೂದಿ ಶೇ. 3–5 ಇದ್ದರೂ ಬೇರಿಗಂಟಿದ ಎರೆಮಣ್ಣು ಸೇರಿ ಅದರ ಎರಡರಷ್ಟಾಗಬಹುದು. ಮಣ್ಣು ಬಾಯ್ಲರ್‌ಗೆ ಕೆಟ್ಟದ್ದು, ಅದಕ್ಕೂ ಮೊದಲು ನಿಮ್ಮ ಡೈ, ಅದರೊಳಕ್ಕೆ ಪುಡಿ ತಳ್ಳುವ ಪಂಚ್, ರಿಂಗ್‌ಗಳನ್ನು ಸವೆಸುತ್ತದೆ. ಬೇರು ಕತ್ತರಿಸಿಯೇ ತನ್ನಿ. ಚೂರು ಮಾಡಿದ ಮೇಲೆ ಜರಡಿ, ಜರಡಿಯ ನಂತರ ಅಯಸ್ಕಾಂತ ಇರಲೇಬೇಕು, ಒಂದು ನಟ್ಟು ಒಳಹೋದರೂ ಪಂಚ್ ಹೋಗುತ್ತದೆ. ಸವೆಯುವ ಭಾಗಗಳ ಒಂದು ಜೊತೆ ಸದಾ ಕೈಯಲ್ಲಿರಲಿ.

ಬೆಂಡಿನ ಬೂದಿ ಕಡಿಮೆ, ಆದರೆ ಅದರಲ್ಲಿ ಪೊಟ್ಯಾಸಿಯಂ ಇದೆ. ಪೊಟ್ಯಾಸಿಯಂ ಮರಳಿನ ಸಿಲಿಕಾದೊಂದಿಗೆ ಸೇರಿದರೆ ಕಡಿಮೆ ಬಿಸಿಗೇ ಕರಗಿ ಕಿಟ್ಟ ಕಟ್ಟುತ್ತದೆ. ಕೆಳಗಿನಿಂದ ಗಾಳಿ ಊದಿ ಕುಣಿಸುವ ಮರಳಿನ ಹಾಸಿನಲ್ಲಿ ಇಂಧನ ಉರಿಸುವ ಫ್ಲೂಯಿಡೈಸ್ಡ್ ಬೆಡ್ ಬಾಯ್ಲರ್ ಇರುವ ಗಿರಾಕಿಗೆ ಕೊಡುವಾಗ ಬೆಡ್ ಬಿಸಿಯನ್ನು 800 ಡಿಗ್ರಿ ದಾಟಲು ಬಿಡಬೇಡಿ, ಹಾಸಿನ ಮರಳನ್ನು ಆಗಾಗ ಬದಲಿಸಿ ಎಂದು ಮೊದಲೇ ಹೇಳಿ. ಕ್ಲೋರಿನ್ ಕೂಡ ಇರುವ ಹುಲ್ಲಿನಂಥ ಉಳಿಕೆ, ಹಬೆಯನ್ನು ಇನ್ನಷ್ಟು ಕಾಯಿಸುವ ಸೂಪರ್‌ಹೀಟರ್ ಕೊಳವೆಗಳನ್ನು ತಿನ್ನುತ್ತದೆ. ಹಾಗಾಗಿ ನಿಮಗೆ ಒಳ್ಳೆಯ ಗಿರಾಕಿ ಬಟ್ಟೆ ಬಣ್ಣ ಹಾಕುವವರು, ಡೈರಿ, ಆಹಾರ ಘಟಕಗಳಂಥ ಕಡಿಮೆ ಒತ್ತಡದ, ಸೂಪರ್‌ಹೀಟರ್ ಇಲ್ಲದ ಬಾಯ್ಲರ್ ಇರುವವರು. ಉಷ್ಣ ವಿದ್ಯುತ್ ಸ್ಥಾವರಗಳು ಕಲ್ಲಿದ್ದಲಿನ ಜೊತೆ ಬಯೋಮಾಸ್ ಬೆರೆಸಬೇಕೆಂದು 2021ರ ಅಕ್ಟೋಬರ್‌ನಲ್ಲಿ ಕೇಂದ್ರ ನೀತಿ ತಂದಿದೆ ನಿಜ. ಆದರೆ ಅವರು ಕೇಳುವುದು ಪೆಲೆಟ್ (ಬ್ರಿಕೆಟ್‌ಗಿಂತ ತುಂಬ ಸಣ್ಣ, ಒತ್ತಿದ ಗುಳಿಗೆ), ಅದಕ್ಕೆ ಯಂತ್ರವೇ ಬೇರೆ.

ಯಂತ್ರಕ್ಕೆ ಮುಂಗಡ ಕೊಡುವ ಮೊದಲು ಇನ್ನೊಂದು ವಿಚಾರಣೆ ಮಾಡಿ. ಬೆಂಡನ್ನು ಸುಡದೆಯೂ ಮಾರಬಹುದು. ಅದನ್ನು ಅಳತೆಗೆ ಸರಿಯಾಗಿ ಒಡೆದು ಜರಡಿ ಹಿಡಿದ ನುಚ್ಚು ಲೋಹದ ಭಾಗಗಳನ್ನು ಉಜ್ಜಿ ಹೊಳಪು ಕೊಡಲು, ಕೋಳಿಮನೆಯ ಹಾಸಿಗೆ, ಅಣಬೆ ಬೆಳೆಗೆ ಹೋಗುತ್ತದೆ. ರಾಳ ಮತ್ತು ದ್ರಾವಕಗಳಿಗೆ ಬೇಕಾದ ಫರ್ಫ್ಯೂರಾಲ್ ಎಂಬ ರಾಸಾಯನಿಕ ತೆಗೆಯಲು ಜಗತ್ತಿನಲ್ಲಿ ಬಳಸುವ ಮುಖ್ಯ ಕಚ್ಚಾವಸ್ತುಗಳಲ್ಲಿ ಬೆಂಡೂ ಒಂದು. ಅಸ್ಸಾಮಿನ ನುಮಾಲಿಗಢದಲ್ಲಿ ಬಿದಿರಿನಿಂದ ಎಥನಾಲ್ ಜೊತೆಗೆ ಫರ್ಫ್ಯೂರಾಲನ್ನೂ, ಅಸೆಟಿಕ್ ಆಮ್ಲವನ್ನೂ ತೆಗೆಯುವ ಘಟಕ 2025ರಲ್ಲಿ ಉದ್ಘಾಟನೆಯಾಯಿತು. ಫರ್ಫ್ಯೂರಾಲ್ ನಿಮ್ಮ ಅಳವಿನ ಕೆಲಸವಲ್ಲ. ನುಚ್ಚಿನ ವ್ಯಾಪಾರ ಖಂಡಿತ ಆಗುತ್ತದೆ. ಬೇಕಾಗುವುದು ಒಡೆಯುವ ಯಂತ್ರ, ಜರಡಿ, ಒಣ ಗೋದಾಮು ಮಾತ್ರ. ಒಳ್ಳೆಯ ಬೆಂಡು ಅಲ್ಲಿಗೆ, ಹುಡಿ ಮತ್ತು ಕಳಪೆ ಬೆಂಡು ಬ್ರಿಕೆಟ್‌ಗೆ ಎಂದು ಬೇರ್ಪಡಿಸಿದರೆ ಎರಡೂ ನಡೆಯುತ್ತವೆ.

ಗಿರಾಕಿಯೊಂದಿಗೆ ಬರೆಯುವ ಕರಾರಿನಲ್ಲಿ ಬೆಲೆಯನ್ನು ಬರೀ ಟನ್ನಿಗೆ ಕಟ್ಟಬೇಡಿ. ಶೇ. 10 ತೇವ, ಶೇ. 5 ಬೂದಿಯನ್ನು ಆಧಾರವಾಗಿಟ್ಟು, ಅದಕ್ಕಿಂತ ಹೆಚ್ಚಾದರೆ ಎಷ್ಟು ಕಡಿತ, ಕಡಿಮೆಯಾದರೆ ಎಷ್ಟು ಹೆಚ್ಚು ಎಂದು ಬರೆಸಿ. ಮಾದರಿಯನ್ನು ಲಾರಿಯಿಂದ ಇಬ್ಬರ ಎದುರಿಗೇ ತೆಗೆದು, ಮೂರು ಭಾಗ ಮಾಡಿ ಮೊಹರು ಹಾಕಿ, ಒಂದನ್ನು ನೀವೇ ಇಟ್ಟುಕೊಳ್ಳಿ.